ಗೋಡೆಗಷ್ಟೇ ಮಣ್ಣೋ, ಚಾವಣಿಗೂ ಮಣ್ಣೋ?

ಕೆನಡಾದಲ್ಲಿರುವ ಅಕ್ಕನ ಮಗ ಅಲ್ಲಿ ಹೊರಗಿನಿಂದ ಮಣ್ಣು ಒಟ್ಟಿದ ಮನೆ ಕಟ್ಟಲು ಹೊರಟಿದ್ದಾನೆ. ಅವನು ಕಳಿಸಿದ ಎರಡು ನಕ್ಷೆ ಪುಣೆಯ ನಮ್ಮ ಊಟದ ಮೇಜಿನ ಮೇಲೆ ಹರಡಿವೆ. ಒಂದರಲ್ಲಿ ಮೂರು ಗೋಡೆಗೆ ಮಣ್ಣು ಏರಿಸಿ, ಚಾವಣಿ ಮಾಮೂಲಿ. ಇನ್ನೊಂದರಲ್ಲಿ ಚಾವಣಿಯ ಮೇಲೂ ಮಣ್ಣು. ಎರಡಕ್ಕೂ ದಕ್ಷಿಣಕ್ಕೆ ಗಾಜು, ಚಳಿಗಾಲದ ಬಿಸಿಲಿಗೆ.

ನನ್ನ ಮತ ಮೊದಲನೆಯದಕ್ಕೆ. ಒಂದಡಿ ದಪ್ಪದ ಒದ್ದೆ ಮಣ್ಣು ಚದರ ಮೀಟರಿಗೆ 500 ಕಿಲೋ ದಾಟುತ್ತದೆ, ಮೇಲೆ ಹಿಮದ ಭಾರ ಬೇರೆ. ಅದನ್ನು ಹೊರಲು ದಪ್ಪ ಕಾಂಕ್ರೀಟು, ಹೆಚ್ಚು ಕಬ್ಬಿಣ. ಮನೆ ಬೆಚ್ಚಗಿಡುವ ಖರ್ಚಿನಲ್ಲಿ ಉಳಿಸಿದ ದುಡ್ಡು ಅಲ್ಲೇ ಕರಗುತ್ತದೆ. ಸೋರಿದರೆ ಮಣ್ಣು ಅಗೆದೇ ರಿಪೇರಿ. ಇಲ್ಲಿ ಮಳೆಗಾಲಕ್ಕೆ ಟೆರೇಸ್ ಸೋರಿದಾಗಲೇ ಎಷ್ಟು ಒದ್ದಾಡಿದ್ದೆವು!

ಚಳಿಗಾಳಿಗೆ ಎರಡನೆಯದು ಚೆನ್ನ, ನಿಜ. ಆದರೆ ಮಣ್ಣು ಶಾಖವನ್ನು ಕೂಡಿಡುತ್ತದೆ, ಅದು ಹೊರಹೋಗದಂತೆ ಅಷ್ಟಾಗಿ ತಡೆಯುವುದಿಲ್ಲ. ಯಾವುದನ್ನೇ ಕಟ್ಟಿದರೂ ಗೋಡೆಯ ಹೊರಮೈಗೆ ಗಟ್ಟಿ ಫೋಮ್ ಹಲಗೆ, ಬುಡದಲ್ಲಿ ನೀರು ಹರಿಯಲು ಜಲ್ಲಿ, ಪೈಪು ಮರೀಬೇಡಪ್ಪಾ.