ಅಡ್ವೆಂಚರ್ ಬೈಕ್ ಬುಕ್ ಮಾಡುವ ಮುಂಚೆ ಒಂದು ಸಲ ಏರಿನಲ್ಲಿ ನಿಲ್ಲಿಸಿ ನೋಡಿ

ಹೋದ ಚಳಿಗಾಲದಲ್ಲಿ ಕಳಸದ ಹತ್ತಿರ, ಚಿಕ್ಕಪ್ಪನ ಕಾಫಿ ತೋಟಕ್ಕೆ ಹೋಗುವ ಮಣ್ಣಿನ ಏರಿನಲ್ಲಿ ನನ್ನ ಹೊಸ ಅಡ್ವೆಂಚರ್ ಬೈಕು (ಟಾರ್ ರಸ್ತೆ, ಮಣ್ಣಿನ ದಾರಿ ಎರಡಕ್ಕೂ ಆಗುವ ಎತ್ತರದ ಬೈಕು) ಬಿತ್ತು. ಹಿಂದೆ ಹೆಂಡತಿ ಕೂತಿದ್ದಳು. ಬೈಕು ಓಡುತ್ತಲೂ ಇರಲಿಲ್ಲ, ನಿಂತಲ್ಲೇ ಬಿದ್ದಿದ್ದು. ಅವಳ ಕಾಲು ಬೈಕಿನ ಪಕ್ಕಕ್ಕೆ ಹಾಕಿಸಿದ ಸಾಮಾನಿನ ಬಾಕ್ಸಿನ ಅಡಿ ಸಿಕ್ಕಿಕೊಂಡಿತು. ದೇವರ ದಯೆ, ಮೂಳೆ ಮುರಿಯಲಿಲ್ಲ. ಮೂರು ವಾರ ಕುಂಟಿಕೊಂಡೇ ಓಡಾಡಿದಳು. ಬೈಕು ಐದು ವಾರ ವರ್ಕ್‌ಶಾಪಿನಲ್ಲಿ ಬಿದ್ದಿತ್ತು.

ಬೈಕಿನ ಹೆಸರು ಹೇಳುವುದಿಲ್ಲ, ಕೇಳಬೇಡಿ. ನಾನು ಆರಿಸಿದ ರೀತಿಯೇ ತಪ್ಪಾಗಿತ್ತು. ಅದೇ ರೀತಿ ಆರಿಸಿದರೆ ಬೇರೆ ಯಾವ ಬೈಕ್ ತಗೊಂಡರೂ ಇದೇ ಗತಿ ಆಗಬಹುದು.

ನಾಲ್ಕು ತಿಂಗಳು ರಾತ್ರಿ ಹೊತ್ತು ಕೂತು ಹೋಲಿಕೆ ಮಾಡಿದೆ. ಒಂದು ನೋಟ್‌ಬುಕ್ ಪೂರ್ತಿ ಅಂಕಿಗಳೇ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ಕ್ಕೆ 452 ಸಿಸಿ ಎಂಜಿನ್, 40 ಪಿಎಸ್ (ಎಂಜಿನ್ ಪವರ್‌ನ ಅಳತೆ), 17 ಲೀಟರ್ ಟ್ಯಾಂಕ್. ಕೆಟಿಎಂ 390 ಅಡ್ವೆಂಚರ್‌ಗೆ 399 ಸಿಸಿಯಲ್ಲೇ 46 ಪಿಎಸ್. ಟಿವಿಎಸ್ ಅಪಾಚೆ ಆರ್‌ಟಿಎಕ್ಸ್‌ಗೆ 299 ಸಿಸಿ, 36 ಪಿಎಸ್. ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್‌ಗೆ 249 ಸಿಸಿ, 26.5 ಪಿಎಸ್. ಹೀರೋ ಎಕ್ಸ್‌ಪಲ್ಸ್ 200ಕ್ಕೆ ಇನ್ನೂ ಕಡಿಮೆ, 19ರ ಹತ್ತಿರ. ಪವರ್ ಸಾಲಿನಲ್ಲಿ ಯಾವುದು ಮೇಲಿದೆಯೋ ಅದರ ಪಕ್ಕ ಟಿಕ್ ಹಾಕುತ್ತಾ ಹೋದೆ.

ಅದೇ ಪುಟದಲ್ಲಿ ತೂಕದ ಸಾಲೂ ಇತ್ತು. ಹಿಮಾಲಯನ್ 196 ಕೆಜಿ, ಆರ್‌ಟಿಎಕ್ಸ್ 180, ವಿ-ಸ್ಟ್ರಾಮ್ 167, ಎಕ್ಸ್‌ಪಲ್ಸ್ 160ರ ಆಸುಪಾಸು. ಇಪ್ಪತ್ತು ಮೂವತ್ತು ಕೆಜಿ ಏನು ಮಹಾ ಅಂದುಕೊಂಡೆ. ಓಡುವಾಗ ಆ ತೂಕ ನಿಜವಾಗಿಯೂ ಗೊತ್ತಾಗುವುದಿಲ್ಲ. ನಿಲ್ಲಿಸುವಾಗ, ಹಿಂದಕ್ಕೆ ತಳ್ಳುವಾಗ, ಬಿದ್ದದ್ದನ್ನು ಎತ್ತುವಾಗ ಒಂದೊಂದು ಕೆಜಿಯೂ ಕೈಗೆ ಗೊತ್ತಾಗುತ್ತದೆ.

ಸೀಟಿನ ಎತ್ತರದ ವಿಷಯದಲ್ಲೂ ಹಾಗೇ ಆಯಿತು. ಈ ಬೈಕುಗಳೆಲ್ಲ 825ರಿಂದ 835 ಮಿಲಿಮೀಟರ್ ಒಳಗೇ ಇವೆ. ಕಾಗದದಲ್ಲಿ ಎಲ್ಲಾ ಒಂದೇ ಥರ ಕಾಣುತ್ತವೆ. ಸೀಟು ಎಷ್ಟು ಅಗಲ ಇದೆ, ಕೂತಾಗ ಸಸ್ಪೆನ್ಷನ್ ಎಷ್ಟು ಕೆಳಗೆ ಇಳಿಯುತ್ತದೆ ಅನ್ನುವುದು ಆ ಸಂಖ್ಯೆಯಲ್ಲಿ ಬರುವುದಿಲ್ಲ. ಅಗಲ ಜಾಸ್ತಿ ಇದ್ದರೆ ತೊಡೆ ಹೊರಕ್ಕೆ ಹೋಗುತ್ತದೆ, ಪಾದ ಮೇಲೇಳುತ್ತದೆ. ನನ್ನ ಎತ್ತರ 5 ಅಡಿ 5 ಇಂಚು. ಶೋರೂಮಿನ ಟೈಲ್ಸ್ ಮೇಲೆ ಎರಡೂ ಕಾಲಿನ ಮುಂಗಾಲು ನೆಲಕ್ಕೆ ತಾಗಿತು. "ಸಾಕು ಬಿಡಿ ಸಾರ್, ಎಲ್ಲರಿಗೂ ಇಷ್ಟೇ, ಅಭ್ಯಾಸ ಆಗುತ್ತೆ" ಅಂದರು. ನಂಬಿದೆ.

ಟೆಸ್ಟ್ ರೈಡ್ ಅಂದರೆ ಬೈಪಾಸ್ ರಸ್ತೆಯಲ್ಲಿ ಎರಡು ಕಿಲೋಮೀಟರ್. ಒಬ್ಬನೇ. ಟ್ಯಾಂಕಿನಲ್ಲಿ ಪೆಟ್ರೋಲ್ ಅರ್ಧವೂ ಇರಲಿಲ್ಲ. ಗಾಡಿ ಅದ್ಭುತವಾಗಿ ಓಡಿತು, ಅವತ್ತೇ ಬುಕ್ ಮಾಡಿದೆ.

ಈಗ ಲೆಕ್ಕ ನೋಡಿ. ನಾನು 74 ಕೆಜಿ, ಹೆಂಡತಿ 58. ಎರಡು ಪಕ್ಕದ ಬಾಕ್ಸು, ಅದರ ಫ್ರೇಮ್ ಸೇರಿ 14. ಬಟ್ಟೆಬರೆ, ಚಿಕ್ಕಮ್ಮನಿಗೆ ಒಯ್ದ ಸಾಮಾನು ಎಲ್ಲಾ ಸೇರಿ 12. ಒಟ್ಟು 158 ಕೆಜಿ. ಬೈಕಿನ ತೂಕ ಸೇರಿಸಿದರೆ ಮುನ್ನೂರೈವತ್ತರ ಹತ್ತಿರ. ನಾನು ಟೆಸ್ಟ್ ರೈಡ್ ಮಾಡಿದ ಗಾಡಿ ಇದಲ್ಲವೇ ಅಲ್ಲ, ಅಲ್ವಾ?

ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಹೋದೆವು. ಟಾರ್ ರಸ್ತೆ ಇರುವಷ್ಟೂ ಹೊತ್ತು ನನ್ನಷ್ಟು ಖುಷಿಯಾದವನು ಬೇರೆ ಇಲ್ಲ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿಂದೆವು. ತೋಟದ ರಸ್ತೆಗೆ ತಿರುಗಿದ ಮೇಲೆ ಅರ್ಧ ಕಿಲೋಮೀಟರ್ ಏರು. ಸಡಿಲ ಜಲ್ಲಿ, ಅದರ ಮೇಲೆ ಸಿಲ್ವರ್ ಓಕ್ ಎಲೆ. ಬೈಕು ಸಲೀಸಾಗಿ ಹತ್ತುತ್ತಿತ್ತು. ತಿರುವಿನಲ್ಲಿ ಎದುರಿಗೆ ಗೊಬ್ಬರದ ಮೂಟೆ ತುಂಬಿದ ಪಿಕಪ್ ಬಂತು. ಮುಂದಿನ ಬ್ರೇಕ್ ಹಿಡಿದೆ. ಗಾಡಿ ನಿಂತಿತು, ಆಮೇಲೆ ಜಲ್ಲಿಯ ಮೇಲೆ ನಿಧಾನಕ್ಕೆ ಹಿಂದಕ್ಕೆ ಜಾರತೊಡಗಿತು. ಹಿಂದಿನ ಬ್ರೇಕಿನ ಮೇಲೆ ಬಲಗಾಲು ಬೇಕು, ಹಾಗಾಗಿ ಎಡಗಾಲು ಇಳಿಸಿದೆ. ಆ ಕಡೆ ಮಳೆನೀರು ಕೊರೆದ ಕೊರಕಲು. ಕಾಲಿಗೆ ನೆಲವೇ ಸಿಗಲಿಲ್ಲ.

ಒಂದು ಮಟ್ಟ ದಾಟಿ ವಾಲಿದ ಮೇಲೆ ಮುನ್ನೂರೈವತ್ತು ಕೆಜಿಯನ್ನು ಯಾವ ತೋಳೂ ಹಿಡಿಯುವುದಿಲ್ಲ. ಪಿಕಪ್‌ನವನು ಇಳಿದು ಓಡಿ ಬಂದ. "ಅಣ್ಣಾ, ಹ್ಯಾಂಡಲ್ ಬಿಡಿ, ಮೊದಲು ಅಕ್ಕನ ಕಾಲು ತೆಗೀರಿ" ಅಂತ ಕೂಗಿದ. ನನ್ನ ಕೈ ಆಗಲೂ ಹ್ಯಾಂಡಲ್ ಹಿಡಿದೇ ಇತ್ತು. ಇಬ್ಬರೂ ಸೇರಿ ಬಾಕ್ಸ್ ಎತ್ತಿದೆವು. ಅವಳು ಕಾಲು ಎಳೆದುಕೊಂಡಳು. ಚಪ್ಪಲಿ ಅಲ್ಲೇ ಉಳಿಯಿತು. ಗೇರ್ ಲಿವರ್ ಒಳಕ್ಕೆ ಮಡಚಿತ್ತು, ಕ್ಲಚ್ ಲಿವರ್ ಮುರಿದಿತ್ತು. ಒಂದು ಚೂಪು ಕಲ್ಲು ರೇಡಿಯೇಟರ್‌ಗೆ ತಾಗಿ, ಹಸಿರು ಕೂಲೆಂಟ್ ಜಲ್ಲಿಯ ಮೇಲೆ ತೊಟ್ಟಿಕ್ಕುತ್ತಿತ್ತು. ರೇಡಿಯೇಟರ್ ಗಾರ್ಡ್ ಬೇಡ, ಆಮೇಲೆ ಹಾಕಿಸಿದರಾಯಿತು ಅಂತ ಬಿಟ್ಟವನು ನಾನೇ.

ಆಮೇಲಿನ ಕಥೆ ಇನ್ನೂ ಉದ್ದ. ನನ್ನ ಊರಿನಲ್ಲಿ ಆ ಕಂಪನಿಯ ಶೋರೂಮ್ ಇದೆ, ಆದರೆ ಈ ಮಾಡೆಲ್‌ನ ದೊಡ್ಡ ಕೆಲಸ ಅಲ್ಲಿ ಮಾಡುವುದಿಲ್ಲವಂತೆ. ಮಾರುವಾಗ ಈ ಮಾತು ಯಾರೂ ಹೇಳಿರಲಿಲ್ಲ. ಟಾಟಾ ಏಸ್ ಬಾಡಿಗೆಗೆ ಹಿಡಿದು ಮಂಗಳೂರಿಗೆ ಕಳಿಸಿದೆ. ಹೊಸ ಗಾಡಿ, ರೇಡಿಯೇಟರ್ ಸ್ಟಾಕ್ ಇಲ್ಲ. "ಈ ವಾರ ಬರುತ್ತೆ ಸಾರ್" ಅಂತ ಐದು ವಾರ ಕೇಳಿದೆ. ಬಾಕ್ಸುಗಳನ್ನು ಹೊರಗಡೆ ಹಾಕಿಸಿದ್ದೆ, ವಿಮೆ ಪಾಲಿಸಿಯಲ್ಲಿ ಸೇರಿಸಿರಲಿಲ್ಲ. ಅದರ ದುಡ್ಡು ಕೈಯಿಂದಲೇ ಹೋಯಿತು.

ದುಡ್ಡಿನ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಹೋಲಿಸುವಾಗ ಎಕ್ಸ್ ಶೋರೂಮ್ ಬೆಲೆ (ರಸ್ತೆ ತೆರಿಗೆ, ವಿಮೆ ಸೇರದ ಬೆಲೆ) ಮಾತ್ರ ನೋಡಬೇಡಿ. ಕರ್ನಾಟಕದಲ್ಲಿ 1 ಲಕ್ಷ ದಾಟಿದ ಬೈಕಿಗೆ ಜೀವಾವಧಿ ತೆರಿಗೆಯೇ 18%, ಅದರ ಮೇಲೆ ಸೆಸ್, ಜೊತೆಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಎಕ್ಸ್ ಶೋರೂಮ್ ಬೆಲೆಯೊಳಗೇ ಸೇರಿರುವ ಜಿಎಸ್‌ಟಿಯೂ 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ 18%, ಅದಕ್ಕಿಂತ ಮೇಲೆ 40%. ಸಾಲದ ಕಂತು ಕಟ್ಟುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಚಕ್ರದ ಬಗ್ಗೆಯೂ ವಿಚಾರಿಸಿ. ಮುಂದೆ 21 ಇಂಚಿನ ಚಕ್ರ ಗುಂಡಿ, ಕಲ್ಲು ಚೆನ್ನಾಗಿ ಹತ್ತಿ ಇಳಿಯುತ್ತದೆ, ಅದು ನಿಜ. ಆದರೆ ಅದು ಟ್ಯೂಬ್ ಇರುವ ಚಕ್ರವಾಗಿದ್ದರೆ ಮಲೆನಾಡಿನ ಪಂಕ್ಚರ್ ಅಂಗಡಿಯಲ್ಲಿ ಆ ಅಳತೆಯ ಟ್ಯೂಬ್ ಸಿಗುವುದು ಕಷ್ಟ. ಒಂದು ಬ್ಯಾಗಿನಲ್ಲಿ ಇಟ್ಟುಕೊಂಡೇ ಹೊರಡಿ. ಮುಕ್ಕಾಲುಪಾಲು ಟಾರ್ ರಸ್ತೆಯಲ್ಲೇ ಓಡಿಸುವವರಿಗೆ 19 ಇಂಚು, ಟ್ಯೂಬ್‌ಲೆಸ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಟೆಸ್ಟ್ ರೈಡಿಗೆ ಹೋಗುವಾಗ ಹಿಂದೆ ಕೂರುವವರನ್ನು ದಯವಿಟ್ಟು ಕರೆದುಕೊಂಡು ಹೋಗಿ. ಯಾವುದಾದರೂ ಏರಿನಲ್ಲಿ ಬೇಕಂತಲೇ ನಿಲ್ಲಿಸಿ, ಎಡಗಾಲು ಊರಿ, ಮತ್ತೆ ಹೊರಡಿ. ಇಳಿದು ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ. ಶೋರೂಮಿನವರು ಒಪ್ಪದಿದ್ದರೆ ಬಾಡಿಗೆಗೆ ಒಂದು ದಿನ ತೆಗೆದುಕೊಳ್ಳಿ, ಅಥವಾ ಆ ಬೈಕ್ ಇರುವವರನ್ನು ಹುಡುಕಿ ಕೇಳಿ. ಇನ್ನು ಸರ್ವಿಸ್ ಸೆಂಟರ್‌ಗೆ ನೀವೇ ಹೋಗಿ, ಕ್ಲಚ್ ಲಿವರ್ ಮತ್ತು ರೇಡಿಯೇಟರ್ ಇವತ್ತು ಸ್ಟಾಕ್ ಇದೆಯಾ ಅಂತ ಕೇಳಿ. ಸುಮ್ನೆ "ಸಿಗುತ್ತೆ ಸಾರ್" ಅಂದರೆ ಸಾಲದು, ತೋರಿಸಲು ಹೇಳಿ.

ಬೈಕ್ ಈಗ ಮನೆಗೆ ಬಂದಿದೆ. ಲೋ ಸೀಟ್ ಹಾಕಿಸಿದ್ದೇನೆ, ಗಾರ್ಡ್‌ಗಳನ್ನೂ ಹಾಕಿಸಿದ್ದೇನೆ. ಹೆಂಡತಿ ಮೊನ್ನೆ ಮೊದಲ ಸಲ ಮತ್ತೆ ಹಿಂದೆ ಕೂತಳು. ನಮ್ಮ ಬೀದಿಯ ಕೊನೆಯಲ್ಲಿ ಸಣ್ಣ ಏರು ಬರುತ್ತದೆ. ಅಲ್ಲಿ ನನ್ನ ಭುಜದ ಮೇಲೆ ಕೈ ಇಟ್ಟು, "ಒಂದು ನಿಮಿಷ ನಿಲ್ಸಿ, ಇಳೀತೀನಿ" ಅಂದಳು. ನಿಲ್ಲಿಸಿದೆ. ಅವಳು ನಡೆದುಕೊಂಡು ಮೇಲೆ ಬಂದಳು.