ಕೋಳಿ ಅಂಗಡಿಯ ಹಿಂಭಾಗವನ್ನೂ ನೋಡಿ: ಚಿಕ್ಕಬಳ್ಳಾಪುರದಿಂದ ಒಂದು ವಿಮರ್ಶೆ

ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ 2025ರಲ್ಲಿ ಹಕ್ಕಿ ಜ್ವರ ದೃಢಪಟ್ಟಾಗಿನಿಂದ, ಕೋಳಿ ಮಾಂಸವನ್ನು ಎಲ್ಲಿ ಕೊಳ್ಳುವುದು ಕ್ಷೇಮ ಎಂದು ಪರಿಚಿತರು ನನ್ನನ್ನು ಕೇಳುವುದುಂಟು. ಬಿ.ಬಿ. ರಸ್ತೆಯ ಅಡ್ಡಬೀದಿಯೊಂದರಲ್ಲಿ ನಮ್ಮ ಮನೆಯವರು ಬಹುಕಾಲದಿಂದ ಕೊಳ್ಳುತ್ತಿರುವ ಅಂಗಡಿಯ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಬೆಲೆ ಉಳಿದ ಕಡೆಯಷ್ಟೇ ಇದೆ, ತೂಕದಲ್ಲಿ ಮೋಸವಿಲ್ಲ, ಮಾಂಸ ತಾಜಾ ಇರುತ್ತದೆ.

ಆದರೆ ಹಕ್ಕಿ ಜ್ವರದ ವಿಷಯದಲ್ಲಿ ನೋಡಬೇಕಾದದ್ದು ಮಾಂಸಕ್ಕಿಂತ ಹೆಚ್ಚಾಗಿ ಅದನ್ನು ಕೊಯ್ಯುವ ಜಾಗವನ್ನು. 70 ಡಿಗ್ರಿ ಸೆಲ್ಸಿಯಸ್‌ ಶಾಖ ಒಳಗಿನವರೆಗೂ ತಲುಪುವಂತೆ ಬೇಯಿಸಿದರೆ ಈ ವೈರಾಣು ಉಳಿಯುವುದಿಲ್ಲವಾದ್ದರಿಂದ ಚೆನ್ನಾಗಿ ಬೆಂದ ಸಾರಿಗೆ ಹೆದರಬೇಕಿಲ್ಲ. ಸೋಂಕು ತಗಲುವುದು ರೋಗ ಹಿಡಿದ ಕೋಳಿಯ ಹಿಕ್ಕೆಯಿಂದ, ಕೊಕ್ಕಿನ ದ್ರವದಿಂದ, ಕೊಯ್ದು ಪುಕ್ಕ ಕೀಳುವಾಗ ಹಾರುವ ಸಣ್ಣ ಹನಿಗಳಿಂದ. ಇಲ್ಲಿ ಕೊಯ್ಯುವ ಜಾಗಕ್ಕೂ ಗಿರಾಕಿಗಳು ನಿಲ್ಲುವ ಜಾಗಕ್ಕೂ ನಡುವೆ ಗೋಡೆಯಿದೆ. ಪುಕ್ಕ ತೆಗೆಯುವ ಡ್ರಮ್ಮನ್ನು ಮುಚ್ಚಳ ಹಾಕಿಯೇ ತಿರುಗಿಸುತ್ತಾರೆ. ಸಂಜೆ ನೆಲಕ್ಕೆ ಬ್ಲೀಚಿಂಗ್‌ ಪುಡಿಯ ನೀರು ಹಾಕಿ ಉಜ್ಜುತ್ತಾರೆ. ಇಷ್ಟು ಶಿಸ್ತನ್ನು ನಾನು ಬೇರೆ ಅಂಗಡಿಗಳಲ್ಲಿ ಕಂಡಿಲ್ಲ, ಮೆಚ್ಚಲೇಬೇಕು.

ಮೆಚ್ಚಲಾಗದ್ದು ಗೂಡುಗಳ ವ್ಯವಸ್ಥೆ. ಫಾರಂ ಕೋಳಿ, ನಾಟಿ ಕೋಳಿ, ಬಾತುಕೋಳಿಗಳ ಗೂಡುಗಳನ್ನು ಒಂದರ ಮೇಲೊಂದು ಪೇರಿಸಿರುವುದರಿಂದ ಮೇಲಿನ ಹಿಕ್ಕೆ ಕೆಳಗಿನ ಹಕ್ಕಿಗಳ ಬೆನ್ನಿಗೂ ನೀರಿನ ಬಟ್ಟಲಿಗೂ ಬೀಳುತ್ತದೆ. ಬಾತುಕೋಳಿಗಳು ಕಾಯಿಲೆಯ ಲಕ್ಷಣ ತೋರದೆಯೂ ವೈರಾಣುವನ್ನು ಹೊತ್ತಿರಬಲ್ಲವು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಎಂಬ ಹಕ್ಕಿ ಜ್ವರದ ವೈರಾಣು ತಗಲಿದ 18 ಜನರಲ್ಲಿ 6 ಮಂದಿ ತೀರಿಕೊಂಡರು. ಜೀವಂತ ಕೋಳಿಗಳ ಮಾರುಕಟ್ಟೆಗಳೇ ಅಲ್ಲಿ ಸೋಂಕಿನ ಮುಖ್ಯ ಮೂಲವಾಗಿದ್ದವು.

ಇನ್ನೊಂದು ಕೊರತೆ ಇದಕ್ಕಿಂತ ಗಂಭೀರವಾದದ್ದು. ಕಳೆದ ಸಲ ಕೋಳಿ ಕೊಯ್ಯುತ್ತಿದ್ದ ಹುಡುಗನಿಗೆ ಜ್ವರವಿತ್ತು, ಒಂದೇ ಸಮನೆ ಕೆಮ್ಮುತ್ತಿದ್ದ. ನಮಗೆ ಮಳೆಗಾಲ, ಚಳಿಗಾಲಗಳಲ್ಲಿ ಬರುವ ಫ್ಲೂ ಮತ್ತು ಹಕ್ಕಿ ಜ್ವರ ಎರಡೂ ಇನ್‌ಫ್ಲುಯೆಂಜಾ ವೈರಾಣುಗಳಿಂದಲೇ ಬರುತ್ತವೆ. ಮನುಷ್ಯರ ಫ್ಲೂ ವೈರಾಣು ಮೂಗು, ಗಂಟಲಿನ ಜೀವಕೋಶಗಳಿಗೆ ಸುಲಭವಾಗಿ ಅಂಟಿಕೊಂಡು ಕೆಮ್ಮಿನ ಮೂಲಕ ಹರಡುತ್ತದೆ. ಹಕ್ಕಿಗಳ ವೈರಾಣು ಅಂಟಿಕೊಳ್ಳುವಂಥ ಜೀವಕೋಶಗಳು ನಮ್ಮಲ್ಲಿ ಹೆಚ್ಚಾಗಿ ಶ್ವಾಸಕೋಶದ ಆಳದಲ್ಲಿರುವುದರಿಂದ ಅದು ಅಪರೂಪಕ್ಕೆ ತಗಲುತ್ತದೆ, ತಗಲಿದರೆ ಕಠಿಣವಾಗಬಹುದು. ಈ ಎರಡೂ ಬಗೆಯ ವೈರಾಣುಗಳ ವಂಶವಾಹಿ ಎಂಟು ಬಿಡಿ ತುಂಡುಗಳಲ್ಲಿರುತ್ತದೆ. ಒಬ್ಬನೇ ಮನುಷ್ಯನಿಗೆ ಎರಡೂ ಬಗೆ ಒಟ್ಟಿಗೆ ತಗಲಿದರೆ ಆ ತುಂಡುಗಳು ಅದಲುಬದಲಾಗಿ, ಮನುಷ್ಯರಲ್ಲಿ ಸಲೀಸಾಗಿ ಹರಡುವ ಹೊಸ ವೈರಾಣು ಹುಟ್ಟುವ ಸಾಧ್ಯತೆಯಿದೆ. 1957 ಮತ್ತು 1968ರ ಜಾಗತಿಕ ಪಿಡುಗುಗಳಿಗೆ ಕಾರಣವಾದ ವೈರಾಣುಗಳಲ್ಲಿ ಹಕ್ಕಿಗಳಿಂದ ಬಂದ ತುಂಡುಗಳಿದ್ದವು. ಆದ್ದರಿಂದ ಕೋಳಿ ಮುಟ್ಟುವ ಕೆಲಸಗಾರರಿಗೆ ಪ್ರತಿ ವರ್ಷ ಮಾಮೂಲಿ ಫ್ಲೂ ಲಸಿಕೆ ಹಾಕಿಸಬೇಕು. ಅದು ಹಕ್ಕಿ ಜ್ವರವನ್ನು ತಡೆಯುವುದಿಲ್ಲ. ಎರಡೂ ಒಟ್ಟಿಗೆ ಸೇರುವ ಅವಕಾಶವನ್ನು ಕಡಿಮೆ ಮಾಡುತ್ತದೆ.

ಮಾಲೀಕರಿಗೆ ಇದನ್ನೆಲ್ಲ ಹೇಳಿದಾಗ ಅವರು ಬೇಸರಪಡದೆ ಕೇಳಿಸಿಕೊಂಡರು. “ಗೂಡು ಬೇರೆ ಮಾಡಿಸ್ತೀನಿ ಮೇಡಂ, ಹುಡುಗನಿಗೆ ಸಂಬಳ ಹಿಡಿಯದೆ ರಜಾ ಕೊಡ್ತೀನಿ” ಎಂದರು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಗೂಡುಗಳು ಬೇರೆಯಾಗುವವರೆಗೆ ಮಕ್ಕಳನ್ನು ಜೊತೆಗೆ ಕರೆದೊಯ್ಯಬೇಡಿ, ಕೋಳಿಯನ್ನು ಕೈಯಲ್ಲಿ ಹಿಡಿದು ಆರಿಸಬೇಡಿ. ಮುಂಭಾಗದಲ್ಲೇ ನಿಂತು ಮಾಂಸ ಕೊಂಡು, ಮನೆಗೆ ಬಂದೊಡನೆ ಸೋಪಿನಿಂದ ಕೈ ತೊಳೆಯಿರಿ.