ಸಾಲ್ಮನ್ ಹಿಡಿಸುತ್ತೇನೆ ಅನ್ನುವವರ ಬಗ್ಗೆ ಹುಷಾರು: ಬಾಣಂತಿ ಮೀನಿಗೆ 1,620 ಪೌಂಡ್ ಕೊಟ್ಟವನು ಬರೆಯುತ್ತಿದ್ದೇನೆ

ಬರೆಯಬೇಕೋ ಬೇಡವೋ ಅಂತ ನಾಲ್ಕು ವಾರ ಯೋಚಿಸಿದೆ. ಮರ್ಯಾದೆ ಪ್ರಶ್ನೆ ನೋಡಿ. ಆರು ವರ್ಷದಿಂದ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿದ್ದೇನೆ. ಊರಿನಿಂದ ಬರುವವರೆಲ್ಲ ಇಲ್ಲಿನ ವಿಷಯ ನನ್ನನ್ನೇ ಕೇಳುತ್ತಾರೆ. ಅಂಥವನು ಟೋಪಿ ಹಾಕಿಸಿಕೊಂಡೆ ಅಂತ ಹೇಳಿಕೊಳ್ಳುವುದು ಹೇಗೆ? ಆದರೆ ಇವತ್ತು ಬೆಳಿಗ್ಗೆ ಒಂದು ಫೋಟೋ ನೋಡಿದೆ. ಅದನ್ನು ನೋಡಿದ ಮೇಲೆ ಸುಮ್ನಿರಲು ಆಗಲಿಲ್ಲ. ಫೋಟೋ ವಿಷಯ ಆಮೇಲೆ.

ಬ್ರಿಟನ್ನಿನಲ್ಲಿರುವ ಕನ್ನಡದವರು, ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ದಯವಿಟ್ಟು ಓದಿ. "ಸ್ಕಾಟ್ಲೆಂಡ್ ನದಿಯಲ್ಲಿ ಸಾಲ್ಮನ್ ಹಿಡಿಸ್ತೀನಿ, ಎಲ್ಲ ನಾನೇ ನೋಡ್ಕೋತೀನಿ" ಅಂತ ಯಾರಾದರೂ ಮೆಸೇಜ್ ಮಾಡಿದರೆ, ಅದರಲ್ಲೂ ನಮ್ಮವರೇ ಮಾಡಿದರೆ, ದುಡ್ಡು ಹಾಕುವ ಮೊದಲು ಓದಿ.

ಅಪ್ಪನಿಗೆ 71. ತೀರ್ಥಹಳ್ಳಿ ಕಡೆಯವರು. ತುಂಗೆಯಲ್ಲಿ ಗಾಳ ಹಾಕಿಕೊಂಡೇ ಬೆಳೆದವರು. ಫೆಬ್ರವರಿ ಕೊನೆಗೆ ಇಲ್ಲಿಗೆ ಬಂದರು. ಕೋಟೆ ತೋರಿಸಿದರೆ "ಹೂಂ" ಅಂದರು, ಮ್ಯೂಸಿಯಂ ತೋರಿಸಿದರೆ "ಹೂಂ" ಅಂದರು. ಸೇತುವೆ ಮೇಲೆ ನಿಂತು ನದಿ ನೋಡಿದಾಗ ಮಾತ್ರ "ಇಲ್ಲಿ ಎಂತಾ ಮೀನು ಸಿಗ್ತದೆ?" ಅಂತ ಕೇಳಿದರು. ಅಪ್ಪ ಹೀಗೇ ಕೇಳುತ್ತಾರೆ ಅಂತ ನನಗೆ ಮೊದಲೇ ಗೊತ್ತಿತ್ತು. ಅದಕ್ಕೇ ಜನವರಿಯಲ್ಲೇ ಅಡ್ವಾನ್ಸ್ ಕೊಟ್ಟಿದ್ದೆ.

ಕೊಟ್ಟಿದ್ದು ಯಾರಿಗೆ? ರಾಜ್ಯೋತ್ಸವದ ದಿನ ಬಿಸಿಬೇಳೆಬಾತ್ ಸಾಲಿನಲ್ಲಿ ಪರಿಚಯವಾದ ಒಬ್ಬನಿಗೆ. ಬೆಂಗಳೂರಿನವನು. ಟ್ರಿಪ್ ವ್ಯವಹಾರ ಮಾಡುತ್ತಾನೆ. ಮೊದಲ ಮಾತಿಗೇ "ಅಣ್ಣ" ಅಂದ. ಹೆಸರು ಬರೆಯುವುದಿಲ್ಲ. ನದಿಯ ಹೆಸರೂ ಬೇಡ, ನದಿಯದೇನೂ ತಪ್ಪಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಸಾಲ್ಮನ್ ಹಿಡಿಯುವ ಹಕ್ಕು ಯಾರದಾದರೂ ಸ್ವಂತ ಆಸ್ತಿ. ದಡದ ಜಮೀನು ಒಬ್ಬರದು, ಮೀನಿನ ಹಕ್ಕು ಇನ್ನೊಬ್ಬರದು ಅಂತಲೂ ಇರುತ್ತದೆ. ನದಿಯನ್ನು ತುಂಡು ತುಂಡು ಮಾಡಿ ಒಂದೊಂದಕ್ಕೂ ಬೀಟ್ ಅನ್ನುತ್ತಾರೆ. ನಮ್ಮಲ್ಲಿ ಫಾರೆಸ್ಟ್ ಗಾರ್ಡಿಗೆ ಬೀಟ್ ಇರುತ್ತದಲ್ಲ, ಹಾಗೆ. ಒಂದು ಬೀಟಿಗೆ ದಿನಕ್ಕೆ ಇಷ್ಟೇ ರಾಡ್, ಅಂದರೆ ಗಾಳದ ಕೋಲು, ಅಂತ ಲೆಕ್ಕ. ಅದನ್ನು ನೋಡಿಕೊಳ್ಳುವವನು ಗಿಲ್ಲಿ. ದಾಂಡು ಇಲ್ಲದ ಗಿಲ್ಲಿ.

ಇವನು ಹೇಳಿದ್ದು: ಮಾರ್ಚ್ ಮಧ್ಯದಲ್ಲಿ ಮೂರು ದಿನ, ಶುಕ್ರ ಶನಿ ಭಾನು. ಒಂದು ರಾಡಿಗೆ ದಿನಕ್ಕೆ 180 ಪೌಂಡ್. ನಾನು, ಅಪ್ಪ, ಗ್ಲಾಸ್ಗೋದಲ್ಲಿರುವ ನನ್ನ ಭಾವಮೈದುನ. ಒಟ್ಟು 1,620 ಪೌಂಡ್. ನಮ್ಮ ರೂಪಾಯಿಗೆ ಲೆಕ್ಕ ಹಾಕಬೇಡಿ, ನಾನು ಹಾಕಿ ನಿದ್ದೆ ಕೆಡಿಸಿಕೊಂಡಿದ್ದೇನೆ.

"ಅಣ್ಣ, ಫ್ರೆಶ್ ಸ್ಪ್ರಿಂಗ್ ಸಾಲ್ಮನ್. ಹೋದ ಮಾರ್ಚಲ್ಲಿ ಈ ಬೀಟಲ್ಲಿ 35 ಮೀನು. ಒಂದೇ ತಿಂಗಳಲ್ಲಿ."

ಜೊತೆಗೆ ಒಂದು ಫೋಟೋ. ಯಾರೋ ಟೀ ಶರ್ಟ್ ಹಾಕಿಕೊಂಡು ಬೆಳ್ಳಿ ತಟ್ಟೆಯಂಥ ಮೀನು ಹಿಡಿದು ನಿಂತಿದ್ದಾನೆ. ಹಿಂದೆ ಮರಗಳೆಲ್ಲ ಹಸಿರು ಹಸಿರು. ಆರು ವರ್ಷದಿಂದ ಇಲ್ಲಿರುವ ನನಗೆ, ಮಾರ್ಚಿನಲ್ಲಿ ಇಲ್ಲಿ ಯಾವ ಮರದಲ್ಲಿ ಎಲೆ ಇರುತ್ತದೆ, ಯಾರು ಟೀ ಶರ್ಟಿನಲ್ಲಿ ಓಡಾಡುತ್ತಾರೆ ಅಂತ ಹೊಳೆಯಲಿಲ್ಲ. ಮೀನು ನೋಡಿದೆ, ಅಷ್ಟೇ.

"ಒಂದು ಮೀನು ಮನೆಗೆ ತಗೊಂಡು ಹೋಗಬಹುದಾ?" ಅಂತ ಕೇಳಿದೆ.

"ಒಂದೇನಣ್ಣ, ಡಿಕ್ಕಿ ಖಾಲಿ ಇಟ್ಕೊಂಡು ಬನ್ನಿ."

ಈ ಮೆಸೇಜು ಇವತ್ತಿಗೂ ನನ್ನ ಫೋನಿನಲ್ಲಿದೆ. ನನ್ನ ಹೆಂಡತಿ ಇದನ್ನು ನಂಬಿ ಭಾನುವಾರ ರಾತ್ರಿ ಎರಡು ಮನೆಯವರನ್ನು ಕಡುಬು, ಮೀನು ಸಾರಿಗೆ ಕರೆದಳು.

ಶುಕ್ರವಾರ ಬೆಳಿಗ್ಗೆಯೇ ಮೊದಲ ಮುಜುಗರ. ಎದೆತನಕ ಬರುವ ರಬ್ಬರ್ ಪ್ಯಾಂಟುಗಳನ್ನು ಇವನು ಚೀಲದಲ್ಲಿ ತುಂಬಿ ಕೊಟ್ಟಿದ್ದ. ಒದ್ದೆ. ಗಿಲ್ಲಿ ಅದನ್ನು ಮುಟ್ಟಿ ನೋಡಿ ಮುಖ ಗಂಟು ಹಾಕಿದ. "ಇದು ಹೋದ ವಾರ ಯಾವ ನದಿಯಲ್ಲಿತ್ತು?" ನನಗೇನು ಗೊತ್ತು? ಔಷಧಿ ಹಾಕಿದ ಟಬ್ಬಿನಲ್ಲಿ ಎಲ್ಲ ಅದ್ದಿಸಿ ಆಮೇಲೆ ನೀರಿಗೆ ಬಿಟ್ಟ. ನಾರ್ವೆಯ ನದಿಗಳಲ್ಲಿ ಜೈರೊಡ್ಯಾಕ್ಟಿಲಸ್ ಸಲಾರಿಸ್ ಅಂತ ಒಂದು ಹುಳ ಇದೆ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು. 1970ರ ದಶಕದಲ್ಲಿ ಅಲ್ಲಿಗೆ ಬಂತು. ಅದನ್ನು ತೊಲಗಿಸಲು ನದಿಗೇ ವಿಷ ಹಾಕಿ, ಇದ್ದ ಮೀನನ್ನೆಲ್ಲ ಕೊಂದು ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಬ್ರಿಟನ್ನಿಗೆ ಇನ್ನೂ ಬಂದಿಲ್ಲ. ಹೀಗೆ ಒದ್ದೆ ಸಾಮಾನಿನಲ್ಲಿ ಬರಬಹುದು. "ಇದನ್ನು ನಿಮಗೆ ಕೊಟ್ಟವರು ಹೇಳಲಿಲ್ಲವಾ?" ಅಂದ. ಇಲ್ಲ, ಹೇಳಲಿಲ್ಲ.

ಆಮೇಲೆ ನೀರಿಗೆ ಇಳಿದೆವು. ಮೈ ಕೊರೆಯುವ ಚಳಿ. ದಡದ ಹತ್ತಿರ, ನೀರು ನಿಧಾನ ಇರುವ ಕಡೆ, ಒಂದು ದೊಡ್ಡ ಮೀನು ಸುಮ್ಮನೆ ನಿಂತಿತ್ತು. ನಾವು ಹತ್ತಿರ ಹೋದರೂ ಓಡಲಿಲ್ಲ. ತಲೆ ಮೇಲೆ, ಬೆನ್ನ ಮೇಲೆ ಬಿಳಿ ಹತ್ತಿ ಅಂಟಿಸಿದ ಹಾಗೆ.

"ಇದಕ್ಕೆ ಬೂಷ್ಟು ಹಿಡಿದಿದೆ" ಅಂದರು ಅಪ್ಪ.

ಅಪ್ಪ ಹೇಳಿದ್ದು ಸರಿ. ಸ್ಯಾಪ್ರೊಲೆಗ್ನಿಯಾ ಅಂತ ಅದರ ಹೆಸರು. ಎಲ್ಲರೂ ಫಂಗಸ್ ಅನ್ನುತ್ತಾರೆ, ವಿಜ್ಞಾನಿಗಳ ಪ್ರಕಾರ ನಿಜವಾದ ಫಂಗಸ್ ಅಲ್ಲ, ನೀರಿನ ಬೂಷ್ಟು. ಮೀನಿನ ಮೈಮೇಲೆ ಲೋಳೆ ಇರುತ್ತದಲ್ಲ, ಅದೇ ಅದರ ರಕ್ಷಣೆ. ಲೋಳೆ ಹೋದ ಕಡೆ ಇದು ಹತ್ತಿಕೊಳ್ಳುತ್ತದೆ. ಮೊಟ್ಟೆ ಇಟ್ಟು ಸೊರಗಿದ ಮೀನಿಗಂತೂ ಬೇಗ. ಮಧ್ಯಾಹ್ನದೊಳಗೆ ಅಂಥವು ಐದು ಎಣಿಸಿದೆವು. ಎರಡು ಸತ್ತು ಕಲ್ಲಿಗೆ ಸಿಕ್ಕಿಕೊಂಡಿದ್ದವು. ಅಪ್ಪ ಗಾಳ ಎಸೆಯುವುದನ್ನು ನಿಲ್ಲಿಸಿ ದಡದಲ್ಲಿ ಕೂತುಬಿಟ್ಟರು. ಶೃಂಗೇರಿಯ ಮೆಟ್ಟಿಲ ಹತ್ತಿರ ದೇವರ ಮೀನುಗಳಿಗೆ ಮಂಡಕ್ಕಿ ಹಾಕಿ ಅಭ್ಯಾಸವಾದವರು, ಅವರಿಗೆ ನೋಡಲು ಆಗಲಿಲ್ಲ.

ಫೋಟೋ ತೆಗೆದು ಇವನಿಗೆ ಕಳಿಸಿದೆ. ಉತ್ತರ ಬಂತು: "ನ್ಯಾಚುರಲ್ ಅಣ್ಣ. ಚಳಿಗಾಲದಲ್ಲಿ ನಮಗೆ ನೆಗಡಿ ಆಗಲ್ವಾ?"

ನೆಗಡಿಯಂತೆ.

ಶನಿವಾರ ಹನ್ನೊಂದರ ಹೊತ್ತಿಗೆ ನನ್ನ ದಾರ ಬಿಗಿಯಾಯಿತು. ಈಗ ಬರೆಯುವಾಗಲೂ ಕೈ ನಡುಗುತ್ತದೆ, ಆಗ ಖುಷಿಗೆ, ಈಗ ಸಿಟ್ಟಿಗೆ. ಮೀನು ಅಷ್ಟೇನೂ ಎಳೆದಾಡಲಿಲ್ಲ. ಹೊರಗೆ ಬಂತು. ಬೆಳ್ಳಿ ಬಣ್ಣ, ಎರಡೂವರೆ ಅಡಿ ಉದ್ದ. ನಾನು ಕೂಗಿದ ಕೂಗಿಗೆ ಆಚೆ ದಡದ ಕುರಿಗಳು ಓಡಿದವು. ಕಲ್ಲಿನ ಮೇಲೆ ಮಲಗಿಸಿದೆ. ಅಪ್ಪ ಉಣ್ಣೆ ಗ್ಲೌಸಿನ ಕೈಯಲ್ಲೇ ಎತ್ತಿ ಹಿಡಿದರು. ಭಾವಮೈದುನ ಎಂಟು ಫೋಟೋ ತೆಗೆದ. ಫ್ಯಾಮಿಲಿ ಗ್ರೂಪಿಗೆ ಅಲ್ಲೇ ಹಾಕಿದೆ. ಚಿಕ್ಕಮ್ಮ "ಎಷ್ಟು ಕೆಜಿ?" ಅಂತ ಕೇಳಿಯೂ ಆಯಿತು.

ಗಿಲ್ಲಿ ಓಡಿ ಬಂದ. ಶಹಬ್ಬಾಸ್ ಅನ್ನುತ್ತಾನೆ ಅಂದುಕೊಂಡೆ. ಮಾತಾಡದೆ ಅಪ್ಪನ ಕೈಯಿಂದ ಮೀನು ತೆಗೆದುಕೊಂಡು ಮಂಡಿಯೂರಿ ನೀರಿನಲ್ಲಿ ಹಿಡಿದ. ತಲೆ ಪ್ರವಾಹದ ಕಡೆಗೆ. ತುಂಬಾ ಹೊತ್ತು. ಅದು ಬಾಲ ಅಲ್ಲಾಡಿಸಿ ಹೋದ ಮೇಲೆ ಒಂದೇ ಮಾತು ಹೇಳಿದ: "ಕೆಲ್ಟ್."

ಅಂದರೆ ಹೋದ ಚಳಿಗಾಲದಲ್ಲಿ ಮೊಟ್ಟೆ ಇಟ್ಟು, ತಿಂಗಳುಗಟ್ಟಲೆ ಏನೂ ತಿನ್ನದೆ, ಬಳಲಿ ಸಮುದ್ರಕ್ಕೆ ವಾಪಸ್ ಹೋಗುತ್ತಿರುವ ಸಾಲ್ಮನ್. ಸಾಲ್ಮನ್ ನದಿಗೆ ಬಂದ ಮೇಲೆ ಊಟ ಬಿಡುತ್ತದೆ. ಮೊಟ್ಟೆ ಇಟ್ಟ ಮೇಲೆ ಹೆಚ್ಚಿನವು ಸಾಯುತ್ತವೆ. ಬದುಕಿದ ಸ್ವಲ್ಪ ಮೀನು, ಅದರಲ್ಲೂ ಹೆಣ್ಣುಗಳೇ ಜಾಸ್ತಿ, ವಸಂತದಲ್ಲಿ ಮತ್ತೆ ಬೆಳ್ಳಿ ಬಣ್ಣಕ್ಕೆ ತಿರುಗುತ್ತವೆ. ನನ್ನಂಥ ಪೆದ್ದ ಮೋಸ ಹೋಗುವುದು ಅಲ್ಲೇ. ಹೊಟ್ಟೆ ಒಳಗೆ ಹೋಗಿರುತ್ತದೆ, ರೆಕ್ಕೆ ಹರಿದಿರುತ್ತದೆ, ತಲೆ ಮಾತ್ರ ದೊಡ್ಡದು. ಇಟ್ಟುಕೊಳ್ಳುವುದು ಅಪರಾಧ. ಸಮುದ್ರದಿಂದ ಆಗ ತಾನೇ ಬಂದ ಮೀನು ಗುಂಡಗಿರುತ್ತದೆ, ಕೆಲವಕ್ಕೆ ಸಮುದ್ರದ ಹೇನು ಇನ್ನೂ ಅಂಟಿಕೊಂಡಿರುತ್ತದೆ, ಸಿಹಿನೀರಿನಲ್ಲಿ ಕೆಲವೇ ದಿನಕ್ಕೆ ಉದುರಿ ಹೋಗುತ್ತದೆ.

ಅಪ್ಪನಿಗೆ ಅರ್ಥ ಮಾಡಿಸಿದೆ.

"ಅಂದ್ರೆ ಬಾಣಂತಿಯಾ?"

"ಹೂಂ."

ಅಪ್ಪ ಗ್ಲೌಸ್ ಬಿಚ್ಚಿ ಜೇಬಿಗೆ ಹಾಕಿಕೊಂಡರು. "ಬಾಣಂತಿಗೆ ಗಾಳ ಹಾಕ್ಸಿದ್ಯಲ್ಲ ಮಾರಾಯ" ಅಂದರು. ಆಮೇಲೆ ಆ ದಿನ ರಾಡ್ ಮುಟ್ಟಲಿಲ್ಲ. ಒಣ ಉಣ್ಣೆಯಲ್ಲಿ ಹಿಡಿದರೆ ಲೋಳೆ ಎಲ್ಲ ಕಿತ್ತು ಬರುತ್ತದೆ, ಕೈ ಒದ್ದೆ ಮಾಡಿಕೊಂಡು ನೀರಿನಲ್ಲೇ ಹಿಡಿಯಬೇಕು ಅಂತ ಗಿಲ್ಲಿ ಹೇಳಿದ. ಅಂದರೆ ಮುಂದಿನ ವಾರ ಆ ಮೀನಿಗೂ ಬೂಷ್ಟು ಹತ್ತಿದ್ದರೆ ಅದರಲ್ಲಿ ನನ್ನ ಎಂಟು ಫೋಟೋಗಳ ಪಾಲೂ ಇದೆ. ಈ ಭಾಗ ಬರೆಯಲು ನಾಚಿಕೆ ಆಗುತ್ತದೆ, ಆದರೂ ಬರೆಯುತ್ತೇನೆ.

ಮಧ್ಯಾಹ್ನ ಗುಡಿಸಲಿನಲ್ಲಿ ಟೀ ಕುಡಿಯುವಾಗ ಗೋಡೆ ಹತ್ತಿರ ಬೀಟಿನ ರಿಜಿಸ್ಟರ್ ಇತ್ತು. ಸುಮ್ನೆ ತೆಗೆದು ನೋಡಿದೆ. ಹೋದ ವರ್ಷ, ಮಾರ್ಚ್. ಎರಡು ಕಾಲಂ. ಸಾಲ್ಮನ್: 4. ಕೆಲ್ಟ್: 31.

ಕೂಡಿಸಿ ನೋಡಿ.

ನಾನು ಅಲ್ಲೇ ಮೂರು ಸಲ ಕೂಡಿಸಿದೆ. 35. ಅವನು ಹೇಳಿದ 35. ಇಲ್ಲಿ ಯಾವ ಬೀಟಿನವರೂ ಕೆಲ್ಟನ್ನು ಹಿಡಿದ ಮೀನಿನ ಲೆಕ್ಕಕ್ಕೆ ಸೇರಿಸುವುದಿಲ್ಲವಂತೆ. ಅವನಿಗೂ ಗೊತ್ತಿತ್ತು. ಗೊತ್ತಿದ್ದೇ ಕೂಡಿಸಿದ್ದ. ಸುಳ್ಳು ಸಂಖ್ಯೆ ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಕೂತು ಲೆಕ್ಕ ಹಾಕಿ ಮೋಸ ಮಾಡಿದ್ದಾನೆ.

ಟೀ ಇನ್ನೂ ಮುಗಿದಿರಲಿಲ್ಲ. ಗಿಲ್ಲಿ "ನಾಳೆ ಅಪ್ಪನನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ?" ಅಂತ ಕೇಳಿದ. "ಇಲ್ಲಿಗೇ" ಅಂದೆ. ಅವನು ನನ್ನ ಮುಖ ನೋಡಿದ. ಸ್ಕಾಟ್ಲೆಂಡಿನಲ್ಲಿ ಭಾನುವಾರ ಸಾಲ್ಮನ್ ಹಿಡಿಯುವುದು ಕಾನೂನಿಗೆ ವಿರುದ್ಧ. ಯಾವತ್ತಿನಿಂದಲೋ ಇರುವ ನಿಯಮ. ನಾನು ಭಾನುವಾರಕ್ಕೆ 540 ಪೌಂಡ್ ಕೊಟ್ಟಿದ್ದೇನೆ!

ಇನ್ನೊಂದು. ಏಪ್ರಿಲ್ 1ರ ಮೊದಲು ಹಿಡಿದ ಯಾವ ಸಾಲ್ಮನ್ನನ್ನೂ ಇಲ್ಲಿ ಇಟ್ಟುಕೊಳ್ಳುವಂತಿಲ್ಲ, ಬಿಡಲೇಬೇಕು. 2015ರಿಂದ ಕಾನೂನು. ಅಂದರೆ ಡಿಕ್ಕಿ ಖಾಲಿ ಇಟ್ಟುಕೊಂಡು ಬಂದು, ತುಂಬಿಕೊಂಡು ಹೋಗಿದ್ದರೆ ಕೋರ್ಟಿಗೆ ಹೋಗುತ್ತಿದ್ದವನು ನಾನು.

ಮತ್ತೂ ಒಂದು. ಮಾರ್ಚಿನಲ್ಲಿ ಆ ಬೀಟಿನ ದರ ರಾಡಿಗೆ ದಿನಕ್ಕೆ 65 ಪೌಂಡ್. ಬೀಟಿನ ಮಾಲೀಕರ ಎಸ್ಟೇಟ್ ಆಫೀಸಿಗೆ ಫೋನ್ ಮಾಡಿದರೆ ಯಾರಿಗೆ ಬೇಕಾದರೂ ಕೊಡುತ್ತಾರೆ.

ಸಂಜೆ ಇವನಿಗೆ ಫೋನ್ ಮಾಡಿದೆ. ಮಾತು ಹಾಗೇ ಬರೆಯುತ್ತೇನೆ.

"ಭಾನುವಾರ ಹಿಡಿಯೋ ಹಾಗಿಲ್ಲವಂತಲ್ಲ?"

"ಅದು ಸೈಟ್‌ಸೀಯಿಂಗ್ ದಿನ ಅಣ್ಣ. ಪ್ಯಾಕೇಜಲ್ಲಿ ಬರತ್ತೆ."

"31 ಕೆಲ್ಟ್ ಸೇರಿಸಿ 35 ಅಂದ್ಯಲ್ಲ?"

"ಕೆಲ್ಟೂ ಮೀನೇ ಅಲ್ವಾ ಅಣ್ಣ? ನಾನು ಮೀನು ಅಂದೆ. ನೋಡಿ ಮೆಸೇಜು."

ನೋಡಿದೆ. ಮೀನು ಅಂತಲೇ ಇದೆ.

"ಕಾಯಿಲೆ ಇದೆ ಅಂತ ಎರಡು ವಾರದ ಹಿಂದೆಯೇ ಗಿಲ್ಲಿ ನಿನಗೆ ಹೇಳಿದ್ದನಂತೆ?"

ಸ್ವಲ್ಪ ಹೊತ್ತು ಮಾತಿಲ್ಲ. ಎರಡು ವಾರದ ಹಿಂದೆ ಅಂದರೆ ಯಾವಾಗ ಗೊತ್ತಾ? "ಅಣ್ಣ, ಬಾಕಿ ಇವತ್ತೇ ಹಾಕಿಬಿಡಿ, ಇನ್ನೊಬ್ರು ಕೇಳ್ತಿದ್ದಾರೆ" ಅಂತ ಬೆನ್ನು ಬಿದ್ದಿದ್ದ ದಿನ.

"ಮೀನು ನನ್ನ ಕೈಲಿದ್ಯಾ ಅಣ್ಣ? ಕಾಯಿಲೆ ಕೈಲಿದ್ಯಾ? ನಮ್ಮೋರು ನಮ್ಮೋರಿಗೆ ಮೋಸ ಮಾಡ್ತಾರಾ?"

ಮೀನಿನ ಕಾಯಿಲೆ ಬಗ್ಗೆ ಇಲ್ಲಿ ಸರ್ಕಾರದ ಮೀನು ಆರೋಗ್ಯ ತಪಾಸಣೆ ವಿಭಾಗಕ್ಕೆ ತಿಳಿಸಬಹುದು, ಅದು ನಮ್ಮ ಅಬರ್ಡೀನಿನಲ್ಲೇ ಇದೆ. ಫೋಟೋ ಕಳಿಸುತ್ತೇನೆ ಅಂದೆ. ಆಗ ಮಾತ್ರ ದನಿ ಬದಲಾಯಿತು. "ಅದೆಲ್ಲ ಯಾಕಣ್ಣ, ಬೀಟ್ ಹೆಸರು ಕೆಡತ್ತೆ." ಗಿಲ್ಲಿಯೇ ಆಗಲೇ ತಿಳಿಸಿದ್ದ, ಅವನಿಗೆ ಬೀಟ್ ಹೆಸರಿಗಿಂತ ಮೀನು ಮುಖ್ಯ. ನಾನೂ ಕಳಿಸಿದೆ.

ಭಾನುವಾರ ರಾತ್ರಿ ಕಡುಬಿಗೆ ಅಂಗಡಿಯ ಸಾಲ್ಮನ್ ಸಾರು. ಕೊಳದಲ್ಲಲ್ಲ, ಸಮುದ್ರದ ಬಲೆಯಲ್ಲಿ ಸಾಕಿದ್ದು. ಬಂದವರು "ನೀವೇ ಹಿಡಿದಿದ್ದಾ?" ಅಂತ ಕೇಳಿದರು. ನಾನು ಅನ್ನ ಬಡಿಸುವ ನೆಪದಲ್ಲಿ ಒಳಗೆ ಹೋದೆ.

ತಪ್ಪು ನನ್ನದೂ ಇದೆ. ಇಡೀ ಸ್ಕಾಟ್ಲೆಂಡಿನಲ್ಲಿ 2023ರಲ್ಲಿ ಗಾಳಕ್ಕೆ ಸಿಕ್ಕ ಸಾಲ್ಮನ್ 32,477. ಲೆಕ್ಕ ಇಡಲು ಶುರು ಮಾಡಿದ 1952ರಿಂದ ಅಷ್ಟು ಕಡಿಮೆ ಯಾವತ್ತೂ ಇರಲಿಲ್ಲ. ಅದೇ ವರ್ಷ ಬ್ರಿಟನ್ನಿನ ಅಟ್ಲಾಂಟಿಕ್ ಸಾಲ್ಮನ್ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಇದನ್ನೆಲ್ಲ ನಾನು ಓದಿದ್ದು ದುಡ್ಡು ಹೋದ ಮೇಲೆ. ಮೊದಲೇ ಓದಿದ್ದರೆ, ಮಾರ್ಚಿನಲ್ಲಿ ಒಂದು ಚಿಕ್ಕ ಬೀಟಿನಲ್ಲಿ 35 ಅಂದಾಗಲೇ ನಗು ಬರುತ್ತಿತ್ತು.

ಹೋಗುವವರು ನೇರ ಎಸ್ಟೇಟಿಗೇ ಫೋನ್ ಮಾಡಿ. ಗಿಲ್ಲಿ ಜೊತೆ ಮಾತಾಡಿಸಿ ಅನ್ನಿ, ಮೀನಿನ ಆರೋಗ್ಯ ಹೇಗಿದೆ ಅಂತ ಅವನನ್ನೇ ಕೇಳಿ. ಐದು ವರ್ಷದ ಲೆಕ್ಕ ಕೇಳಿ, ಕೆಲ್ಟ್ ಬಿಟ್ಟು. ದುಡ್ಡು ಕಾರ್ಡಿನಲ್ಲಿ ಕೊಡಿ. ಅವನು "ಕಾರ್ಡಾದ್ರೆ ಚಾರ್ಜ್ ಬೀಳತ್ತೆ ಅಣ್ಣ" ಅಂದಿದ್ದಕ್ಕೆ ನಾನು ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿದೆ, ಈಗ ಕೇಳುವವರಿಲ್ಲ. ವಾಪಸ್ ಕೊಡುತ್ತೇನೆ ಅಂದಿದ್ದು 50 ಪೌಂಡ್, ಅದೂ ಮುಂದಿನ ಟ್ರಿಪ್ಪಿನಲ್ಲಿ ಕಳೆಯುತ್ತಾನಂತೆ. ಮತ್ತೆ, ಅಣ್ಣ ಅಂದ ತಕ್ಷಣ ಕರಗಬೇಡಿ.

ಇನ್ನು ಆ ಫೋಟೋ. ಇವತ್ತು ಬೆಳಿಗ್ಗೆ ಗೆಳೆಯನೊಬ್ಬ "ಇದು ಚೆನ್ನಾಗಿದೆಯಂತೆ, ಸೆಪ್ಟೆಂಬರಿಗೆ ಹೋಗೋಣ್ವಾ?" ಅಂತ ಇವನದೇ ಒಂದು ಜಾಹೀರಾತು ಕಳಿಸಿದ. "ಈ ಸೀಸನ್ನಿನ ನಮ್ಮ ಮೊದಲ ಸಾಲ್ಮನ್!" ಅಂತ ದೊಡ್ಡ ಅಕ್ಷರ. ಮೀನಿನ ಹೊಟ್ಟೆ ಕಾಣದ ಹಾಗೆ ಕತ್ತರಿಸಿದ್ದಾನೆ. ಶುಕ್ರವಾರದ ಬೂಷ್ಟಿನ ಫೋಟೋ ಕಳಿಸಿದ ಮೇಲೆ ಇದನ್ನೂ ಅವನಿಗೆ ಕಳಿಸಿದ್ದವನು ನಾನೇ, "ಇದಕ್ಕಾ 1,620?" ಅಂತ ಬೈದು. ಉಣ್ಣೆ ಗ್ಲೌಸ್ ಹಾಕಿ, ಮಂಕಿ ಕ್ಯಾಪಿನಲ್ಲಿ, ಹಲ್ಲು ಬಿಟ್ಟು ನಗುತ್ತಾ ನಿಂತಿರುವವರು ನಮ್ಮ ಅಪ್ಪ.